ಬಾಗಿಲಿಗೆ ಕಟ್ಟಿದ ದಾರ

ಅಪ್ಪನ ತಲೆಯೊಳಗೆ ಏನೋ ಕಳಚಿಕೊಳ್ಳುತ್ತಿದೆ ಎಂದು ನನಗೆ ಮೊದಲು ತಿಳಿದದ್ದು ಶಾಲೆಯ ಮಕ್ಕಳು ಓದುವ ಒಂದು ಪತ್ತೇದಾರಿ ಕಾದಂಬರಿಯಿಂದ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನನ್ನ ಅಣ್ಣನೂ ನಕ್ಕ, ತಮ್ಮನೂ ನಕ್ಕ. ಅವರಿಬ್ಬರು ನಗುತ್ತಿದ್ದಷ್ಟು ದಿನವೂ ಅಪ್ಪ ನಮ್ಮ ಕಣ್ಣೆದುರೇ ಸ್ವಲ್ಪ ಸ್ವಲ್ಪವಾಗಿ ದೂರ ಸರಿಯುತ್ತಿದ್ದರು, ನಾನು ಹೆದರಿ ಸಾಯುತ್ತಿದ್ದೆ.

ನಾನು ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತೇನೆ. ಹೊಸ ಪುಸ್ತಕ ಕಪಾಟು ಸೇರುವ ಮೊದಲು ನಾನು ಓದಿ ಮುಗಿಸಿರಬೇಕು ಎಂಬುದು ನಮ್ಮಲ್ಲಿಯ ನಿಯಮ. ಯಾವುದೋ ಪುಟದಲ್ಲಿ ಹುಡುಗ ಹುಡುಗಿಗೆ ಕೊಟ್ಟ ಒಂದು ಮುತ್ತನ್ನು ಯಾರೋ ಒಬ್ಬ ತಾಯಿ ಫೋಟೋ ತೆಗೆದು ಪ್ರಿನ್ಸಿಪಾಲರಿಗೆ ಕಳಿಸಿದ್ದರಿಂದ ಹುಟ್ಟಿದ ನಿಯಮ. ಹಾಗಾಗಿ ಈ ವಯಸ್ಸಿನಲ್ಲಿ ನಾನು ಪೆನ್ಸಿಲ್ ಹಿಡಿದುಕೊಂಡು ಹದಿಹರೆಯದವರ ಕಾದಂಬರಿಗಳಲ್ಲಿ ಮುತ್ತು ಹುಡುಕುತ್ತ ಕೂರುತ್ತೇನೆ. ಸಂಬಳ ಕೊಡುತ್ತಾರೆ, ನಾನೂ ಸುಮ್ಮನಿದ್ದೇನೆ.

ಆ ಪುಸ್ತಕ ಒಂದು ದೊಡ್ಡ ಸರಣಿಯ ಬಾಲಂಗೋಚಿ. ಮೂಲ ಸರಣಿಯಲ್ಲಿ ಪತ್ತೇದಾರಿಕೆ ಮಾಡುವವಳು ಒಬ್ಬ ಹುಡುಗಿ. ಅವಳ ಸುತ್ತ ಸುಳಿದಾಡುತ್ತ ಚೇಷ್ಟೆ ಮಾಡುವ ಅಣ್ಣತಮ್ಮಂದಿರಿಬ್ಬರಿಗೆ ಓದುವ ಹುಡುಗಿಯರು ಮನಸೋತರು. ಸರಿ, ಅವರಿಗೇ ಅಂತ ಬೇರೆ ಒಂದು ಪುಸ್ತಕ ಬಂತು. ನನಗೆ ಇಂಥವು ಸೇರುವುದಿಲ್ಲ. ಹಿಟ್ಟು ಉಳಿಯಿತಲ್ಲ ಅಂತ ಬಡಿದ ರೊಟ್ಟಿ ಎಂದೂ ದುಂಡಗೆ ಬರುವುದಿಲ್ಲ. ಆದರೆ ಶಾಲೆಯ ಅರ್ಧದಷ್ಟು ಹುಡುಗಿಯರು ದಿನವೂ ನನ್ನ ಮೇಜಿನ ಮುಂದೆ ನಿಂತು, ಮೇಡಂ, ಓದಿದಿರಾ, ಎಲ್ಲಿಗೆ ಬಂದಿರಿ ಎಂದು ಕಾಡುತ್ತಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ತೆರೆದೆ.

ಕತೆ ನಡೆಯುವುದು ಒಂದು ಬೆಟ್ಟದೂರಿನ ಹಳೆಯ ಹೋಟೆಲಿನಲ್ಲಿ. ಹೋಟೆಲು ಮುಚ್ಚಿಹೋಗಿದೆ, ಅದನ್ನು ನಡೆಸುತ್ತಿದ್ದ ಅಜ್ಜಿ ಮಾತ್ರ ಇದ್ದಾಳೆ. ಆಕೆ ಮೊಮ್ಮಕ್ಕಳಿಬ್ಬರನ್ನು ಒಗಟು ಒಡ್ಡಿ ಒಡ್ಡಿಯೇ ಬೆಳೆಸಿದವಳು. ಒಂದು ಬೆಳಿಗ್ಗೆ ಕಾರಿಡಾರಿನ ಗೋಡೆಗಳ ಮೇಲೆ ಸೀಮೆಸುಣ್ಣದ ಗುರುತುಗಳು ಕಾಣಿಸುತ್ತವೆ. ಅಜ್ಜಿ ಬಾಯಿ ಬಿಡುವುದಿಲ್ಲ. ಅಣ್ಣ ತಮ್ಮ ಇಬ್ಬರೂ, ಇದು ಹೊಸ ಒಗಟು, ಇದರ ಕೊನೆಯಲ್ಲಿ ಏನೋ ಇದೆ ಎಂದು ಒಬ್ಬರ ಮೇಲೊಬ್ಬರು ಬಿದ್ದು ಬಿಡಿಸಲು ಹೊರಡುತ್ತಾರೆ.

ಅಷ್ಟು ಓದಿದಾಗಲೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾಕೆಂದರೆ ಅದು ನಮ್ಮ ಮನೆ.

ನಮ್ಮಪ್ಪ ಹುಮನಾಬಾದ್ ಕಡೆಯವರು. ಹರೆಯದಲ್ಲೇ ಹೈದರಾಬಾದಿಗೆ ಬಂದು ಕೋಠಿಯ ಹತ್ತಿರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಾದರು. ನಮ್ಮ ಮನೆಯಿದ್ದ ಮೆಹದಿಪಟ್ಟಣಂನಿಂದ ಕೋಠಿಗೆ ಹೋಗುವ ಬಸ್ಸಿನಲ್ಲಿ ಅವರ ನೌಕರಿಯೆಲ್ಲ ಕಳೆಯಿತು. ಮಾತು ಕಡಿಮೆ. ಮುದ್ದು ಮಾಡುವುದಂತೂ ಅವರಿಗೆ ಗೊತ್ತೇ ಇರಲಿಲ್ಲ. ಅದರ ಬದಲು ಒಂದು ಆಟ ಇತ್ತು. ರವಿವಾರ ಬಂತೆಂದರೆ ಮನೆಯಲ್ಲಿ ಏನಾದರೊಂದನ್ನು ಬಚ್ಚಿಡುತ್ತಿದ್ದರು: ಬಣ್ಣದ ಪೆನ್ಸಿಲ್, ತಿನ್ನಲು ಒಂದು ಹಿಡಿ ಖಾರಿಕು, ಹಬ್ಬವಿದ್ದರೆ ಹೊಸ ಅಂಗಿ. ಅಲ್ಲಿಗೆ ಹೋಗುವ ದಾರಿಗೆ ಖೂನ ಇಡುತ್ತಿದ್ದರು. ನಮ್ಮ ಕಡೆ ಗುರುತಿಗೆ ಖೂನ ಅನ್ನುತ್ತಾರೆ. ಬೋರಲು ಹಾಕಿದ ಲೋಟ ಇದ್ದರೆ ಮೇಲೆ ನೋಡಬೇಕು. ದಾರ ಕಟ್ಟಿದ್ದರೆ ಆ ಬಾಗಿಲು ದಾಟಬೇಕು. ಕುರ್ಚಿ ಗೋಡೆಗೆ ಮುಖ ಮಾಡಿದ್ದರೆ ವಾಪಸು ಹೋಗಬೇಕು. ಖೂನ ಸಿಕ್ತು ಎಂದು ನಾವು ಕೂಗಾಡಿದರೆ ಪಕ್ಕದ ಮನೆಯ ಉರ್ದು ಮಾತಾಡುವ ಹೆಂಗಸು ಗಾಬರಿಯಿಂದ ಹಣಕುತ್ತಿದ್ದಳು. ಅವಳ ಭಾಷೆಯಲ್ಲಿ ಅದು ರಕ್ತ.

ಆಟಕ್ಕೆ ಒಂದೇ ಒಂದು ಕಟ್ಟಳೆ. ಅಪ್ಪನನ್ನು ಏನೂ ಕೇಳಕೂಡದು. ಲೋಟ ಯಾಕೆ ಅಲ್ಲಿಟ್ಟಿರಿ ಅಂತ ಕೇಳಿದವರು ಸೋತಂತೆ; ಅವರನ್ನು ಉಳಿದವರು ವಾರವೆಲ್ಲ ಹಂಗಿಸುತ್ತಿದ್ದರು. ನಾವು ಮೂವರೂ ಹಾಗೆಯೇ ಬೆಳೆದೆವು, ಅಪ್ಪ ಏನೇ ಮಾಡಲಿ ಅದಕ್ಕೊಂದು ಅರ್ಥ ಇರುತ್ತದೆ, ಅದನ್ನು ಬಾಯಿಬಿಟ್ಟು ಕೇಳುವುದು ನಾಚಿಕೆಗೇಡು ಎಂದುಕೊಂಡು. ಅಣ್ಣ ಬಹಳ ಸಲ ಗೆಲ್ಲುತ್ತಿದ್ದ. ಗೆದ್ದವನ ತಲೆಯ ಮೇಲೆ ಅಪ್ಪ ಒಮ್ಮೆ ಕೈ ಇಡುತ್ತಿದ್ದರು, ಅಷ್ಟೇ. ಆ ಒಂದು ಕೈಗಾಗಿ ನನ್ನ ತಮ್ಮ ಮಾಳಿಗೆಯಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದಾನೆ.

ಅವ್ವ ತೀರಿಕೊಂಡ ಮೇಲೆ ಅಪ್ಪ ಆಟ ಬಿಟ್ಟರು. ಅಣ್ಣ ಊರಿನ ಆ ತುದಿಗೆ, ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಹೋದ. ತಮ್ಮ ಮೆಹದಿಪಟ್ಟಣಂನ ಹಳೆಯ ಮನೆಯಲ್ಲೇ ಅಪ್ಪನ ಜೊತೆ ಉಳಿದ. ಅಣ್ಣತಮ್ಮಂದಿರ ನಡುವೆ ಜಗಳವೇನೂ ಇಲ್ಲ, ಮಾತೂ ಇಲ್ಲ; ಹಬ್ಬಕ್ಕೊಂದು ಮೆಸೇಜು. ಹೀಗಿರುವಾಗ ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ತಮ್ಮ ನಮ್ಮ ಗ್ರೂಪಿಗೆ ಒಂದು ಫೋಟೋ ಹಾಕಿದ. ಅಡುಗೆಮನೆಯ ಕಿಟಕಿಯಲ್ಲಿ ಬೋರಲು ಹಾಕಿದ ಒಂದು ಲೋಟ. ಕೆಳಗೆ, ಅಪ್ಪ ಮತ್ತ ಶುರು ಮಾಡ್ಯಾರ, ಎಂದು ಬರೆದಿದ್ದ.

ಅಣ್ಣ ಮರುದಿನವೇ ಮಿಯಾಪುರದಿಂದ ಮೆಟ್ರೋ ಹತ್ತಿ, ಆಮೇಲೆ ಆಟೋ ಹಿಡಿದು ಬಂದ. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಸರತಿಯಿಂದ ಹತ್ತಿ ಅಟ್ಟದ ಡಬ್ಬಿಗಳನ್ನೆಲ್ಲ ಇಳಿಸಿದರು. ಏನೂ ಸಿಗಲಿಲ್ಲ. ಅಪ್ಪ ಈಗ ಕಷ್ಟದ್ದು ಒಡ್ಡುತ್ತಿದ್ದಾರೆ ಎಂದು ಇಬ್ಬರೂ ಖುಷಿಯಾದರು. ಆಮೇಲೆ ಬಚ್ಚಲಿನ ಬಾಗಿಲಿಗೆ ಕೆಂಪು ದಾರ ಬಂತು. ಅಪ್ಪನ ಕೋಣೆಯ ಬಾಗಿಲಿಗೆ ಬಿಳಿ ದಾರ. ಕುರ್ಚಿ ಒಮ್ಮೆ ಗೋಡೆಗೆ, ಒಮ್ಮೆ ಕಪಾಟಿಗೆ ಮುಖ ಮಾಡಿತು. ಅಣ್ಣ ಈಗ ವಾರ ತಪ್ಪದೆ ಬರತೊಡಗಿದ. ನಾನೂ ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ. ಸತ್ತುಹೋಗಿದ್ದ ಮನೆ ಮತ್ತೆ ಉಸಿರಾಡಿದ ಹಾಗಾಗಿತ್ತು.

ಬೇಜಾರು ಮಾಡಿಕೊಂಡವಳು ತಮ್ಮನ ಹೆಂಡತಿ ಒಬ್ಬಳೇ. ರಾಯಚೂರಿನ ಹುಡುಗಿ, ನಮ್ಮ ಆಟದಲ್ಲಿ ಬೆಳೆದವಳಲ್ಲ. ಒಂದು ದಿನ ಸೊಪ್ಪು ಸೋಸುತ್ತ ನನಗೆ ಹೇಳಿದಳು.

"ಅಕ್ಕಾರ, ನಿಮ್ಮ ಮನಿ ಆಟ ನನಗ ತಿಳಿಯೂದಿಲ್ರಿ. ಆದ್ರ ಆಟ ಆಡಸೋರು ಒಮ್ಮೆರೆ ನಗತಾರಲ್ರಿ. ಮಾವನವರು ನಗೂದೇ ಇಲ್ಲ. ಇವರಿಬ್ಬರು ಡಬ್ಬಿ ಇಳಸೂದನ್ನ ಹೆದರಿಕೊಂಡವರಗತೆ ನೋಡತಿರತಾರ."

ನಾನು ಅವಳ ಮಾತನ್ನು ಕಿವಿಗೆ ಹಾಕಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ.

ಆ ಹೊತ್ತಿನಲ್ಲೇ ನಾನು ಪುಸ್ತಕ ಓದುತ್ತಿದ್ದದ್ದು. ಕತೆಯ ಅಣ್ಣತಮ್ಮಂದಿರು ಸೀಮೆಸುಣ್ಣದ ಗುರುತುಗಳನ್ನು ನಕ್ಷೆ ಮಾಡುತ್ತಾರೆ, ಅಕ್ಷರಗಳಾಗಿ ಓದುತ್ತಾರೆ, ಸಂಗೀತದ ಸ್ವರಗಳೆನ್ನುತ್ತಾರೆ, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾರೆ. ಅರ್ಧ ಪುಸ್ತಕ ಇದೇ. ಆದರೆ ಬರೆದವರು ನಡುನಡುವೆ ಒಂದೊಂದು ಸಾಲು ಅಜ್ಜಿಯ ಬಗ್ಗೆ ಹಾಕಿದ್ದರು: ಊಟದ ಮನೆಯ ಬಾಗಿಲಲ್ಲಿ ಆಕೆ ನಿಂತೇ ಇರುತ್ತಾಳೆ, ಯಾರಾದರೂ ಎದ್ದರೆ ಅವರ ಹಿಂದೆ ಹೊರಡುತ್ತಾಳೆ. ನನಗೆ ಆ ಸಾಲುಗಳು ಬಂದಾಗಲೆಲ್ಲ ಓದುವುದು ಬೇಡವೆನ್ನಿಸುತ್ತಿತ್ತು. ಆದರೂ ಬಿಡಲಾಗಲಿಲ್ಲ.

ಒಂದು ಮಧ್ಯಾಹ್ನ, ಏಳನೇ ಕ್ಲಾಸಿನವರು ಗದ್ದಲ ಮಾಡುತ್ತ ಪುಸ್ತಕ ಬದಲಿಸುತ್ತಿದ್ದಾಗ, ನಾನು ಆ ಪುಟಕ್ಕೆ ಬಂದೆ. ಕತೆಯ ಹುಡುಗರಲ್ಲಿ ಕಿರಿಯವನು ಬೂಟಿನ ಲಾಡಿ ಕಟ್ಟಲು ಕಾರಿಡಾರಿನಲ್ಲಿ ಕೂರುತ್ತಾನೆ. ಗುರುತುಗಳೆಲ್ಲ ಒಂದೇ ಎತ್ತರದಲ್ಲಿವೆ ಎಂದು ಆಗ ಅವನಿಗೆ ಕಾಣುತ್ತದೆ. ಬೆನ್ನು ಬಾಗಿದ ಮುದುಕಿಯ ಕೈ ಗೋಡೆ ಹಿಡಿದು ನಡೆಯುವಾಗ ಎಲ್ಲಿ ತಾಕುತ್ತದೋ ಅಲ್ಲಿ. ಅವು ಹೋಟೆಲಿನ ತುಂಬ ಇಲ್ಲ. ಊಟದ ಮನೆಯಿಂದ ಅಜ್ಜಿಯ ಕೋಣೆಯವರೆಗೆ ಮಾತ್ರ ಇವೆ. ಇವನ್ನು ಅಜ್ಜಿ ನಮಗಾಗಿ ಹಾಕಿಲ್ಲ ಎಂದು ಹುಡುಗ ಅಣ್ಣನಿಗೆ ಹೇಳುತ್ತಾನೆ. ಅಣ್ಣ ನಂಬುವುದಿಲ್ಲ.

ನಾನು ಪುಸ್ತಕ ಮಡಚಿದೆ. ಬಚ್ಚಲಿಗೆ ಕೆಂಪು ದಾರ, ಕೋಣೆಗೆ ಬಿಳಿ ದಾರ. ಒಂದು ಮಗುವಿಗೂ ತಿಳಿಯುವಂಥದ್ದು. ಹೊಟ್ಟೆ ನೋವೆಂದು ಸುಳ್ಳು ಹೇಳಿ ಅರ್ಧ ದಿನ ರಜೆ ಹಾಕಿ ಅಪ್ಪನ ಮನೆಗೆ ಹೋದೆ.

ಮನೆಯಲ್ಲಿ ತಮ್ಮನ ಹೆಂಡತಿ ಮಲಗಿದ್ದಳು. ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ನಾನು ಬಾಗಿಲ ಹತ್ತಿರವೇ ನಿಂತೆ. ಸ್ವಲ್ಪ ಹೊತ್ತಿಗೆ ಅವರು ಎದ್ದರು. ಮೊದಲನೇ ಬಾಗಿಲಿಗೆ ಹೋಗಿ ಚಿಲಕವನ್ನು ಬೆರಳಿನಿಂದ ಸವರಿ ನೋಡಿದರು. ಅಲ್ಲಿ ದಾರ ಇರಲಿಲ್ಲ. ಎರಡನೆಯದಕ್ಕೆ ಹೋದರು, ಅದು ಬಿಳಿ. ಹಿಂದೆ ತಿರುಗಿ ಕುರ್ಚಿಯನ್ನು ನೋಡಿದರು, ಕುರ್ಚಿ ಯಾವ ಕಡೆ ಮುಖ ಮಾಡಿದೆ ಎಂದು ನೋಡಿದರು, ತುಟಿ ಅಲುಗಿತು. ಕೆಂಪು ದಾರ ಸಿಗುವ ಹೊತ್ತಿಗೆ ತಡವಾಗಿತ್ತು, ಧೋತರ ಒದ್ದೆಯಾಗಿತ್ತು. ನಲವತ್ತು ವರ್ಷ ಬದುಕಿದ ಮನೆಯಲ್ಲಿ ನನ್ನಪ್ಪ ಬಚ್ಚಲು ಹುಡುಕುತ್ತಿದ್ದರು, ಮತ್ತು ಆ ದಾರಗಳನ್ನು ನನ್ನ ಅಣ್ಣತಮ್ಮಂದಿರು ಒಗಟು ಬಿಡಿಸುತ್ತೇವೆಂದು ಎರಡು ಸಲ ಬಿಚ್ಚಿ ಬದಲಿಸಿ ಕಟ್ಟಿದ್ದರು.

ನಾನು ಅವರನ್ನು ಕೂರಿಸಿ ಧೋತರ ಬದಲಿಸಿದೆ. "ಅಪ್ಪಾ, ಡಾಕ್ಟರ ಕಡೆ ಹೋಗೂಣೇನು?" ಎಂದೆ.

"ನನಗೇನಾಗೇತಿ?" ಎಂದರು, ಗೋಡೆ ನೋಡುತ್ತ. ಆಮೇಲೆ, "ಗಂಡು ಹುಡುಗರು ಬರಲಿ. ಅವರನ್ನ ಕೇಳೂಣಂತ."

ಆವತ್ತಿನಿಂದ ನನಗೆ ಬೇಕಾದದ್ದು ಒಂದೇ: ಆ ಗಂಡು ಹುಡುಗರು ಹ್ಞೂಂ ಅನ್ನಬೇಕು, ಅಪ್ಪ ಎಲ್ಲಾದರೂ ಹೊರಟುಹೋಗುವ ಮೊದಲು. ರವಿವಾರ ಊಟಕ್ಕೆ ಕೂತಾಗ ನೋಡಿದ್ದನ್ನೆಲ್ಲ ಹೇಳಿದೆ. ಪುಸ್ತಕದ ಮಾತನ್ನೂ ಹೇಳಿದೆ, ಅದೇ ತಪ್ಪಾಯಿತು.

"ಹುಡುಗರ ಕತಿ ಪುಸ್ತಕ ಓದಿ ಡಾಕ್ಟರ್ ಆದಿ ನೋಡು," ಎಂದು ಅಣ್ಣ ನಕ್ಕ. "ಸಣ್ಣಕಿದ್ದಾಗೂ ಹಿಂಗೇ. ನಿನಗ ಬಿಡಸಾಕ ಬರಲಿಲ್ಲಂದ್ರ ಆಟಾನೇ ಇಲ್ಲ ಅಂತಿದ್ದಿ."

"ಧೋತರ ಒದ್ದಿ ಮಾಡಿಕೊಂಡಿದ್ರು. ಅದೂ ಆಟೇನು?"

"ವಯಸ್ಸಾಗೇತಿ, ಒಮ್ಮೊಮ್ಮೆ ಆಗತೈತಿ," ಎಂದ ತಮ್ಮ. "ಅಪ್ಪಗ ಏನೂ ಆಗಿಲ್ಲ ಅಕ್ಕಾ. ದವಾಖಾನಿಗೆ ಕರಕೊಂಡು ಹೋಗಿ ಅವರಿಗೆ ಹುಚ್ಚು ಅಂತ ಚೀಟಿ ಬರಸೂದು ಬ್ಯಾಡ."

ನನಗೆ ತಾಟು ಎತ್ತಿ ಒಗೆಯುವಷ್ಟು ಸಿಟ್ಟು ಬಂತು. ಆದರೆ ಅಣ್ಣನ ಕಣ್ಣು ನೋಡಿದೆ. ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ಬೇಡ ಬೇಡ ಅನ್ನುತ್ತಿತ್ತು. ಅಪ್ಪ ತನಗಾಗಿ ಇನ್ನೂ ಒಗಟು ಮಾಡುತ್ತಾರೆ ಎಂಬುದೊಂದೇ ಅವನನ್ನು ವಾರ ವಾರ ಮಿಯಾಪುರದಿಂದ ಎಳೆದು ತರುತ್ತಿತ್ತು. ಅಪ್ಪ ತಲೆ ಬಗ್ಗಿಸಿ ಅನ್ನ ಕಲೆಸುತ್ತಲೇ ಇದ್ದರು, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ.

ಪುಸ್ತಕದ ಕೊನೆಯನ್ನು ನಾನು ಓದಲಿಲ್ಲ. ಮುತ್ತು ಗಿತ್ತು ಏನೂ ಇಲ್ಲ, ಚೆನ್ನಾಗಿದೆ ಎಂದು ಬರೆದು ಕಪಾಟಿಗಿಟ್ಟೆ. ಹುಡುಗಿಯರು ಬಂದು, ಅಜ್ಜಿಗೆ ಏನಾಗುತ್ತದೆ ಅಂತ ನಾವು ಹೇಳಬೇಕಾ ಮೇಡಂ, ಎಂದರು. ಬೇಡ ಎಂದು ಗದರಿಸಿದೆ.

ಮುಂದಿನ ರವಿವಾರ ಬೆಳಿಗ್ಗೆ ತಮ್ಮನ ಹೆಂಡತಿ ಫೋನು ಮಾಡಿದಳು. ಮಾವನವರು ಮನೆಯಲ್ಲಿಲ್ಲ, ಅವರು ಯಾವಾಗ ಹೋದರೋ ಯಾರೂ ನೋಡಿಲ್ಲ ಎಂದಳು. ನಾನು ತಲೆ ಬಾಚಿಕೊಳ್ಳದೆ ಓಡಿದೆ. ಹೋಗುವಷ್ಟರಲ್ಲಿ ಅಣ್ಣ ಬಂದುಬಿಟ್ಟಿದ್ದ. ಇಬ್ಬರೂ ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದರು. ಅಲ್ಲಿ ಅಪ್ಪನ ಚಪ್ಪಲಿಗಳಿದ್ದವು, ಒಂದರ ಪಕ್ಕ ಒಂದು, ಬಸ್‌ಸ್ಟ್ಯಾಂಡಿನ ಕಡೆಗೆ ಮುಖ ಮಾಡಿ.

"ಮೊದಲನೇ ಸಲ ಮನಿ ಹೊರಗ ಇಟ್ಟಾರ," ಎಂದ ಅಣ್ಣ. ಅವನ ಮುಖ ಹತ್ತು ವರ್ಷದವನ ಮುಖದ ಹಾಗೆ ಬೆಳಗುತ್ತಿತ್ತು.

ಅಪ್ಪನ ಹಾಸಿಗೆಯ ಮೇಲೆ ಸಿಕ್ಕಿದ್ದನ್ನು ತಮ್ಮ ತೋರಿಸಿದ: ಮಾತ್ರೆ ಮುಗಿದ ಒಂದು ಖಾಲಿ ಹಾಳೆ, ಅದರಡಿಗೆ ರಟ್ಟು ಕಿತ್ತ ಒಂದು ಹಳೆಯ ಪುಸ್ತಕ. "ಔಷಧ ಸಿಗೂದು, ಹಳೇ ಪುಸ್ತಕ ಸಿಗೂದು. ಎರಡೂ ಎಲ್ಲಿ ಸಿಗತಾವ?"

"ಕೋಠಿ," ಎಂದರು ಇಬ್ಬರೂ ಒಟ್ಟಿಗೆ, ಮತ್ತು ನಕ್ಕರು.

ಆ ಮಾತ್ರೆಯ ಹಾಳೆ ವಾರದಿಂದ ಅಲ್ಲೇ ಬಿದ್ದಿತ್ತು, ನಾನೇ ನೋಡಿದ್ದೆ. ಆದರೆ ನಾನು ಚಪ್ಪಲಿಗಳನ್ನೇ ನೋಡುತ್ತಿದ್ದೆ. "ಚಪ್ಪಲಿ ಇಲ್ಲೇ ಅದಾವ," ಎಂದೆ. "ಅಪ್ಪ ಬರಿಗಾಲಿಲೆ ಹೋಗ್ಯಾರ. ತಿಳೀತೇನು ನಿಮಗ?" ತಮ್ಮ ಒಂದು ಗಳಿಗೆ ನನ್ನ ಮುಖ ನೋಡಿದ. ಅಣ್ಣ ಆಗಲೇ ಆಟೋ ನಿಲ್ಲಿಸಿದ್ದ. ನಾನು ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹತ್ತಿದೆ.

ದಾರಿಯುದ್ದಕ್ಕೂ ನಾನು ಫುಟ್‌ಪಾತುಗಳನ್ನು ನೋಡಿದೆ. ಎಲ್ಲ ಮುದುಕರೂ ಅಪ್ಪನ ಹಾಗೇ ಕಂಡರು. ಬಸ್ಸುಗಳು ಮೈಮೇಲೆ ಬಂದಂತೆ ಬರುತ್ತಿದ್ದವು. ನನ್ನ ಪಕ್ಕದಲ್ಲಿ ಅವರಿಬ್ಬರು, ಔಷಧದ ಅಂಗಡಿ ಸಾಲಿನಿಂದ ಶುರು ಮಾಡೋಣವೋ ಪುಸ್ತಕದ ಕಡೆಯಿಂದಲೋ ಎಂದು ವಾದ ಮಾಡುತ್ತಿದ್ದರು. ಅಪ್ಪ ಸಿಗದೇ ಹೋದರೆ ಇವರಿಬ್ಬರ ಮುಖವನ್ನು ಜನ್ಮದಲ್ಲಿ ನೋಡುವುದಿಲ್ಲ ಎಂದು ಆಣೆ ಇಟ್ಟುಕೊಂಡೆ. ಸಿಕ್ಕರೆ ಅವರದೇ ಸರಿ ಅಂತಾಗುತ್ತದಲ್ಲ ಎಂಬ ಯೋಚನೆಯೂ ಬಂತು. ಅದು ಇನ್ನೊಂದು ಭಯ.

ಅಪ್ಪ ಸಿಕ್ಕರು. ಹಳೆಯ ಪುಸ್ತಕದ ಅಂಗಡಿಗಳ ಸಾಲಿನಲ್ಲಿ, ಬಾಗಿಲು ಹಾಕಿದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಮೊಣಕಾಲು ಕೂಡಿಸಿಕೊಂಡು ಕೂತಿದ್ದರು. ಪಾದಗಳು ಕಪ್ಪಾಗಿದ್ದವು, ಒಂದು ಹೆಬ್ಬೆರಳು ಒಡೆದು ರಕ್ತ ಒಣಗಿತ್ತು. ಜೀವನವೆಲ್ಲ ಹತ್ತಿದ ಬಸ್ಸನ್ನು ಕಾಲೇ ಹುಡುಕಿಕೊಂಡು ಹತ್ತಿರಬೇಕು. ಎದುರಿನ ಬೀಗದಂಗಡಿಯವನು ನನ್ನನ್ನು ನೋಡಿ ಹತ್ತಿರ ಬಂದ.

"ಆಪ್ ಕೇ ವಾಲಿದ್ ಹೈಂ ಕ್ಯಾ, ಅಮ್ಮಾ? ಸುಬೂ ಸೇ ಯಹೀಂಚ್ ಬೈಠೇ. ಘರ್ ಕಹಾಂ ಪೂಛೇ ತೋ ರೋತೇ." ಬೆಳಗಿನಿಂದ ಇಲ್ಲೇ ಇದ್ದಾರೆ, ಮನೆ ಎಲ್ಲಿ ಎಂದು ಕೇಳಿದರೆ ಅಳುತ್ತಾರೆ ಎಂದು ಅವನು ಹೇಳುತ್ತಿದ್ದ. ಅಣ್ಣನಿಗೆ, ತಮ್ಮನಿಗೆ ಅದು ಕೇಳಿಸಲಿಲ್ಲ. ಅವರು ಚಪ್ಪಾಳೆ ತಟ್ಟುತ್ತ ಮುಂದೆ ಹೋಗಿದ್ದರು.

ಅಪ್ಪ ತಲೆಯೆತ್ತಿದರು. ನಗುತ್ತ ಬರುತ್ತಿದ್ದ ಇಬ್ಬರು ಗಂಡಸರನ್ನು ನೋಡಿ ಮೊದಲು ಹೆದರಿ ಗೋಡೆಗೆ ಒರಗಿದರು. ಆಮೇಲೆ ಅವರ ಮುಖಗಳನ್ನು ಒಂದೊಂದಾಗಿ ನೋಡಿದರು. ಆ ಮುಖಗಳು ತಮ್ಮಿಂದ ಏನನ್ನೋ ಬೇಡುತ್ತಿವೆ ಎಂದು ಅವರಿಗೆ ಹೇಗೋ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿಕೊಂಡರು.

"ಭಾಳ ತಡಾ ಮಾಡಿದ್ರಿ," ಎಂದರು, ಮಾಸ್ತರರ ದನಿಯಲ್ಲಿ.

ತಮ್ಮ ಹೋ ಎಂದು ನಕ್ಕ. ಅಣ್ಣ ನನ್ನ ಕಡೆ ತಿರುಗಿ, "ನೋಡಿದಿ?" ಎಂದ. "ಇನ್ನ ಹೇಳು, ಏನು ಹೇಳತಿ." ಗೆದ್ದ ಹುಡುಗನ ಹಾಗೆ ಅಪ್ಪನ ಮುಂದೆ ತಲೆ ಬಗ್ಗಿಸಿ ನಿಂತ. ಅಪ್ಪನ ಕೈ ಮೇಲೆ ಬರಲಿಲ್ಲ. ಅವರು ಎರಡೂ ಕೈಯಿಂದ ಮೆಟ್ಟಿಲ ಅಂಚನ್ನು ಹಿಡಿದುಕೊಂಡಿದ್ದರು.

ನಾನು ಚೀಲದಿಂದ ಚಪ್ಪಲಿ ತೆಗೆದು ಅವರ ಕಾಲ ಬಳಿ ಕೂತೆ, ಸೆರಗಿನಿಂದ ಪಾದ ಒರೆಸತೊಡಗಿದೆ. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದರು. ಗುಟ್ಟು ಹೇಳುತ್ತಿದ್ದೇನೆಂದು ಅವರು ತಿಳಿದಿರಬೇಕು, ಆದರೆ ದನಿ ಅವರ ಹಿಡಿತದಲ್ಲಿರಲಿಲ್ಲ.

"ಈ ಇಬ್ಬರು ಭಾಳ ಛೊಲೊ ಮಂದಿ ಅದಾರವ್ವಾ," ಎಂದರು. "ಇವರಿಗೆ ನಮ್ಮ ಮನಿ ದಾರಿ ಗೊತ್ತೈತೇನು ಕೇಳು."

ತಮ್ಮನ ನಗು ನಿಂತಿತು. ಅಣ್ಣ ಬಗ್ಗಿಸಿದ ತಲೆ ಎತ್ತಲಿಲ್ಲ. ಆಮೇಲೆ ಆ ಕೊಳಕು ಫುಟ್‌ಪಾತಿನ ಮೇಲೆ ನನ್ನ ಪಕ್ಕ ಕೂತ, ನನ್ನ ಕೈಯಿಂದ ಚಪ್ಪಲಿ ತೆಗೆದುಕೊಂಡ.

"ಗೊತ್ತೈತ್ರಿ," ಎಂದ, ಪರಊರಿನ ಹಿರಿಯರ ಜೊತೆ ಮಾತಾಡುವ ಹಾಗೆ. "ನಾವು ಬಿಟ್ಟು ಬರತೀವಿ, ಬರ್ರಿ."

ಅವನು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತೊಡಿಸುತ್ತಿದ್ದ. ಅದು ಹೋಗುತ್ತಿರಲಿಲ್ಲ. ಅಪ್ಪ ಸುಮ್ಮನೆ ಕಾಲು ಕೊಟ್ಟು ಕೂತಿದ್ದರು.